ನವೀಕರಣಗೊಂಡ ಹಳೆಯ ಹೋಟೆಲಿನಲ್ಲಿ ದೋಸೆಯ ರುಚಿ ನಿಜಕ್ಕೂ ಬದಲಾಗುತ್ತದೆಯೇ?

ಪ್ರಶ್ನೆ: ಗವಿಪುರದ ನಿವಾಸಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಒಂದು ಹಳೆಯ ಉಡುಪಿ ಹೋಟೆಲ್ ಇದೆ. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಯಾರ ವ್ಯಾಪಾರವನ್ನೂ ಕೆಡಿಸುವ ಉದ್ದೇಶ ನನಗಿಲ್ಲ. ಹನ್ನೊಂದು ತಿಂಗಳು ಮುಚ್ಚಿದ್ದ ಆ ಹೋಟೆಲ್ ನವೀಕರಣಗೊಂಡು ಇತ್ತೀಚೆಗೆ ಮತ್ತೆ ತೆರೆಯಿತು. ನನ್ನ ತಂದೆಯವರಿಗೆ ಈಗ 79 ವರ್ಷ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಬಳವಾದ ಮೊದಲ ಭಾನುವಾರ ಅಲ್ಲಿಗೆ ಹೋಗಿ ಮಸಾಲೆ ದೋಸೆ ತಿನ್ನುವುದನ್ನು ರೂಢಿ ಮಾಡಿಕೊಂಡಿದ್ದ ಅವರು, ಮದುವೆಯಾದ ಮೇಲೆ ಅಮ್ಮನನ್ನೂ ನಂತರ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಹೋಟೆಲ್ ಮುಚ್ಚಿದ್ದ ಅಷ್ಟೂ ತಿಂಗಳು ಬೇರೆಲ್ಲಿಗೆ ಕರೆದರೂ ಅವರು ಬರಲಿಲ್ಲ.

ಕಳೆದ ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಪ್ಪ, ಅಮ್ಮ, ನನ್ನ ಮಗಳು ಮತ್ತು ನಾನು ಹೋದೆವು. ಹೆಂಚಿನ ಮಾಡು ಇದ್ದಲ್ಲಿ ಈಗ ಬಿಳಿಯ ತಾರಸಿ ಬಂದಿದೆ. ಕಡಪ ಕಲ್ಲಿನ ಮೇಜುಗಳು ಹೋಗಿ ಕನ್ನಡಿಯಂತೆ ಹೊಳೆಯುವ ಮೇಜುಗಳು ಬಂದಿವೆ. ಗಲ್ಲಾದ ಪಕ್ಕದಲ್ಲಿ ಸೀಮೆಸುಣ್ಣದಿಂದ ‘ಈ ದಿನದ ವಿಶೇಷ’ ಬರೆಯುತ್ತಿದ್ದ ಕಪ್ಪು ಹಲಗೆ ಇಲ್ಲ. ಅದರ ಬದಲು ಪ್ರತಿ ಮೇಜಿನ ಮೇಲೆ ಒಂದು ಚೌಕಾಕಾರದ ಚಿಹ್ನೆಯನ್ನು ಅಂಟಿಸಿದ್ದು, ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ತಿಂಡಿಗಳ ಪಟ್ಟಿ ಕಾಣುತ್ತದೆ. ಅಪ್ಪ ಕನ್ನಡಕವನ್ನು ಹಣೆಗೇರಿಸಿ, ನನ್ನ ಮೊಬೈಲನ್ನು ಮೂಗಿನ ಬಳಿ ಹಿಡಿದು, ಎರಡು ನಿಮಿಷ ಬೆರಳಾಡಿಸಿ, ಕೊನೆಗೆ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, “ಇರುವುದು ಮಸಾಲೆ ದೋಸೆ ತಾನೆ, ಅದಕ್ಕೆ ಇಷ್ಟೊಂದು ಹುಡುಕಬೇಕೆ?” ಎಂದರು.

ಅದಕ್ಕಿಂತ ಹೆಚ್ಚು ಕಷ್ಟವಾದದ್ದು ಸದ್ದು. ಜನ ಹಿಂದೆ ಇರುತ್ತಿದ್ದಷ್ಟೇ ಇದ್ದರು, ಆದರೆ ಮೇಜಿನಾಚೆ ಕುಳಿತ ಅಮ್ಮನ ಮಾತೂ ನನಗೆ ಕೇಳಿಸಲಿಲ್ಲ. ಅಪ್ಪ ಶ್ರವಣ ಸಾಧನ ಬಳಸುತ್ತಾರೆ; ಹತ್ತು ನಿಮಿಷ ತಡೆದುಕೊಂಡು, ಅದನ್ನು ಕಿವಿಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ನಮ್ಮಲ್ಲಿ ಮಾತೇ ನಡೆಯಲಿಲ್ಲ.

ದೋಸೆ ಬಂತು. ಬಣ್ಣವೇನೋ ಚೆನ್ನಾಗಿತ್ತು. ಆದರೆ ಅಂಚು ಗರಿಯಾಗಿದ್ದರೂ ಮಧ್ಯಭಾಗ ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಿತ್ತು. ಮೊದಲಿನ ಆ ಸಣ್ಣ ಹುಳಿಯೂ ಇರಲಿಲ್ಲ. ಅಪ್ಪ ಅರ್ಧ ತಿಂದು ಉಳಿದದ್ದನ್ನು ನನ್ನ ಮಗಳ ಕಡೆಗೆ ಸರಿಸಿದರು. ಅವರು ದೋಸೆ ಬಿಟ್ಟದ್ದನ್ನು ನಾನು ಕಂಡಿದ್ದು ಇದೇ ಮೊದಲು. ಕಾಫಿ ಸ್ಟೀಲಿನ ಲೋಟದ ಬದಲು ಗಾಜಿನ ಲೋಟದಲ್ಲಿ ಬಂತು. ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ಶೇಕಡಾ 10 ಸೇರಿಸಿದ್ದರು. ಕೇಳಿದ್ದಕ್ಕೆ, “ಈಗ ಏ.ಸಿ. ಹಾಲ್ ಆಗಿದೆಯಲ್ಲ ಸಾರ್” ಎಂಬ ಉತ್ತರ ಬಂತು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ, “ರುಚಿ ಬದಲಾಗಿರುವುದಿಲ್ಲ, ಗೋಡೆ ಬದಲಾಗಿದ್ದಕ್ಕೆ ಮಾವನವರಿಗೆ ಹಾಗನ್ನಿಸಿದೆ” ಎಂದಳು. ಅವಳ ಮಾತಿನಲ್ಲಿ ಹುರುಳಿರಬಹುದು. ಆದ್ದರಿಂದ ತಿಳಿದವರಲ್ಲಿ ನನ್ನ ಪ್ರಶ್ನೆ ಇಷ್ಟು: ಅದೇ ಮಾಲೀಕರು, ಅದೇ ಭಟ್ಟರು ಇದ್ದರೂ ಕಟ್ಟಡ ಬದಲಾದ ಮಾತ್ರಕ್ಕೆ ದೋಸೆಯ ರುಚಿ ಬದಲಾಗಬಲ್ಲದೆ? ಆ ಸದ್ದಿಗೆ ಏನಾದರೂ ಪರಿಹಾರವಿದೆಯೆ? ಇದನ್ನೆಲ್ಲ ಮಾಲೀಕರಿಗೆ ಹೇಳುವುದು ಸರಿಯೆ, ಅಥವಾ ಗಿರಾಕಿಯಾದವನು ಸುಮ್ಮನೆ ಬೇರೆ ಹೋಟೆಲ್ ಹುಡುಕಿಕೊಳ್ಳಬೇಕೆ?

ಉತ್ತರ 1: ಕಾವಲಿ ಭಟ್ಟ

ನಾನು ಕುಂದಾಪುರದ ಕಡೆಯವನು. ಲೋಟ ತೊಳೆಯುವ ಹುಡುಗನಾಗಿ ಬೆಂಗಳೂರಿಗೆ ಬಂದು, ಮಾಣಿಯಾಗಿ, ಆಮೇಲೆ ಅಡುಗೆಮನೆ ಸೇರಿ, 19 ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಈಗ ಮಂಡಿನೋವಿನಿಂದ ಕೆಲಸ ಬಿಟ್ಟಿದ್ದೇನೆ. ತಮ್ಮ ತಂದೆಯವರ ನಾಲಿಗೆಯ ಮೇಲೆ ಅನುಮಾನ ಪಡಬೇಡಿ. ರುಚಿ ಬದಲಾಗುತ್ತದೆ, ಮತ್ತು ಅದಕ್ಕೆ ಕಾರಣಗಳನ್ನು ಕೈಯಿಟ್ಟು ತೋರಿಸಬಹುದು.

ಮೊದಲನೆಯದು ಕಾವಲಿ. ಹಳೆಯ ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ್ದು. ವರ್ಷಗಟ್ಟಲೆ ದಿನವೂ ಎಣ್ಣೆ, ಬೆಂಕಿ, ನೀರು ಮತ್ತು ಪೊರಕೆ ಕಂಡ ಆ ಕಬ್ಬಿಣದ ಮೇಲೆ ಎಣ್ಣೆಯೇ ಸುಟ್ಟು ಗಟ್ಟಿಯಾಗಿ ಒಂದು ಕಪ್ಪು ಪದರ ಕೂತಿರುತ್ತದೆ. ಹಿಟ್ಟು ಅಂಟದೆ ಮೇಲೇಳುವುದೂ, ಹೊಂಬಣ್ಣ ಒಂದೇ ಸಮನಾಗಿ ಬರುವುದೂ ಆ ಪದರದಿಂದಲೇ. ನವೀಕರಣವೆಂದರೆ ಸಾಮಾನ್ಯವಾಗಿ ಅಡುಗೆಮನೆಗೆ ಸ್ಟೀಲಿನ ಚೌಕಟ್ಟಿನ ಹೊಸ ಒಲೆಗಳು ಬರುತ್ತವೆ. ಅವುಗಳೊಂದಿಗೆ ಪಾಲಿಶ್ ಮಾಡಿದ ಹೊಸ ಕಾವಲಿಯೂ ಬರುತ್ತದೆ. ಹೊಸ ಕಾವಲಿಯನ್ನು ಪಳಗಿಸಲು ನಾವು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದೆವು, ಮೊದಲ ದಿನಗಳ ದೋಸೆಗಳನ್ನು ಗಿರಾಕಿಗಳಿಗೆ ಕೊಡದೆ ನಾವೇ ತಿನ್ನುತ್ತಿದ್ದೆವು. ಆರಂಭೋತ್ಸವದ ದಿನವೇ ನೂರಾರು ಜನರಿಗೆ ಹುಯ್ಯಬೇಕಾದಾಗ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಕಾವಲಿ ತೆಳುವಾಗಿದ್ದರೆ ಇನ್ನೊಂದು ತೊಂದರೆಯೂ ಇದೆ. ತಣ್ಣನೆಯ ಹಿಟ್ಟು ಬಿದ್ದ ಕೂಡಲೇ ಅದರ ಕಾವು ಇಳಿದುಬಿಡುತ್ತದೆ, ಎರಡನೇ ಸಾಲಿನ ದೋಸೆ ಹುಯ್ಯುವಷ್ಟರಲ್ಲಿ ಮತ್ತೆ ಏರಿರುವುದಿಲ್ಲ. ದಪ್ಪ ಕಾವಲಿ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿಮುಕಿಸಿದ ನೀರು ಮಣಿಮಣಿಯಾಗಿ ಓಡಾಡಿದರೆ ಕಾವು ಹೆಚ್ಚಾಗಿದೆಯೆಂದು ಅರ್ಥ, ಚುಂಯ್ ಎಂದು ಒಮ್ಮೆಗೇ ಆವಿಯಾದರೆ ಹುಯ್ಯಲು ಸರಿಯಾದ ಹದ. ಈ ಲೆಕ್ಕವನ್ನು ಹೊಸ ಕಾವಲಿಯ ಮೇಲೆ ಕೈ ಹೊಸದಾಗಿಯೇ ಕಲಿಯಬೇಕು.

ಎರಡನೆಯದು ಹುಳಿ. ಹಿಟ್ಟು ಹುದುಗುವುದು ಅದನ್ನು ಇಟ್ಟ ಕೋಣೆಯ ಬಿಸಿಯಿಂದ. ಹಳೆಯ ಅಡುಗೆಮನೆಗಳಲ್ಲಿ ಇಡ್ಲಿಯ ಹಬೆ, ಸಾಂಬಾರಿನ ಒಲೆ ಎಲ್ಲವೂ ಒಂದೇ ಕಡೆ ಇದ್ದು, ರಾತ್ರಿ ಮುಚ್ಚಿದ ಮೇಲೂ ಗೋಡೆಗಳು ಬೆಚ್ಚಗಿರುತ್ತಿದ್ದವು. ಡಿಸೆಂಬರ್‌ನ ಬೆಂಗಳೂರಿನಲ್ಲೂ ಬೆಳಗಿನ ಜಾವದ ಹೊತ್ತಿಗೆ ಹಿಟ್ಟು ಪಾತ್ರೆಯ ಕಂಠಕ್ಕೆ ಬಂದಿರುತ್ತಿತ್ತು. ಹೊಸ ಅಡುಗೆಮನೆಯಲ್ಲಿ ಹೊಗೆಯನ್ನೂ ಬಿಸಿಯನ್ನೂ ಎಳೆದು ಹೊರಹಾಕುವ ದೊಡ್ಡ ಫ್ಯಾನುಗಳಿರುತ್ತವೆ. ಕೆಲಸಗಾರನಿಗೆ ಅದು ದೇವರು ಕೊಟ್ಟ ವರ; ಹಿಟ್ಟಿಗೆ ಮಾತ್ರ ಚಳಿ. ಅದೇ ಅಕ್ಕಿ, ಅದೇ ಉದ್ದು, ಅದೇ ಹಿಡಿ ಮೆಂತ್ಯ ಹಾಕಿದ್ದರೂ ಎಂಟು ಗಂಟೆಯಲ್ಲಿ ಬರುತ್ತಿದ್ದ ಹುಳಿಗೆ ಹನ್ನೆರಡು ಗಂಟೆ ಬೇಕಾಗುತ್ತದೆ. ಗಡಿಯಾರ ನೋಡಿ ಹಿಟ್ಟು ತೆಗೆದರೆ ದೋಸೆ ಸಪ್ಪೆ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ತಾವು ಮಧ್ಯಭಾಗ ತಟ್ಟೆಗೆ ಅಂಟಿತ್ತು ಎಂದು ಬರೆದಿದ್ದೀರಿ. ದೋಸೆ ಕಾವಲಿಯಿಂದ ಎದ್ದ ಮೇಲೂ ಒಳಗಿನ ಪಲ್ಯದಿಂದ ಹಬೆ ಬಿಡುತ್ತಲೇ ಇರುತ್ತದೆ. ಸಪಾಟಾದ ತಟ್ಟೆಯಲ್ಲಿ ಎರಡು-ಮೂರು ನಿಮಿಷ ಕಾದರೆ ಆ ಹಬೆಯೇ ನೀರಾಗಿ ದೋಸೆಯ ಬೆನ್ನನ್ನು ನೆನೆಸುತ್ತದೆ. ಹಿಂದೆ ಕಾವಲಿ ಹಾಲಿನ ಪಕ್ಕದಲ್ಲೇ ಇದ್ದು ಈಗ ಹಿಂಬದಿಗೆ ಹೋಗಿದೆಯೆ ಎಂಬುದನ್ನು ನೋಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಾಣಿಗಳು ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬರುವುದನ್ನು ಜನ ಫೋಟೊ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಕೈಚಳಕ ಇರುವಷ್ಟೇ ಅವಸರವೂ ಇದೆ.

ಮಾಲೀಕರಿಗಿಂತ ಮೊದಲು ಭಟ್ಟರನ್ನು ಕಂಡು ಮಾತಾಡಿ. ಹಳೆಯ ಕಾವಲಿಯನ್ನು ಏನು ಮಾಡಿದರೆಂದು ಕೇಳಿ. ಗುಜರಿಗೆ ಹಾಕಿರದಿದ್ದರೆ ಇನ್ನೂ ಆಸೆ ಇಟ್ಟುಕೊಳ್ಳಬಹುದು.

ಉತ್ತರ 2: ನಕ್ಷೆಗಾರ

ನನ್ನ ವೃತ್ತಿ ಒಳಾಂಗಣ ವಿನ್ಯಾಸ. ಮೂರು ಹೋಟೆಲುಗಳ ನವೀಕರಣ ಮಾಡಿದ್ದೇನೆ, ಅವುಗಳಲ್ಲಿ ಒಂದರಲ್ಲಿ ನೀವು ವರ್ಣಿಸಿದ ತಪ್ಪನ್ನೇ ನಾನೂ ಮಾಡಿದ್ದೇನೆ. ಆದ್ದರಿಂದ ಸದ್ದಿನ ವಿಷಯವಷ್ಟನ್ನೇ ಹೇಳುತ್ತೇನೆ.

ಹೆಂಚಿನ ಮಾಡಿನ ಕೆಳಗೆ ಸದ್ದು ಸಂದುಗಳಿಂದ ಹೊರಗೆ ಹೋಗುತ್ತಿತ್ತು, ತೆರೆದ ಕಿಟಕಿ ಬಾಗಿಲುಗಳಿಂದಲೂ ಹೋಗುತ್ತಿತ್ತು. ಉಳಿದದ್ದು ಮರದ ತೊಲೆ ಜಂತಿಗಳ ನಡುವೆ ಚದುರುತ್ತಿತ್ತು. ಏ.ಸಿ. ಹಾಕಿದರೆ ಮೊದಲು ಆಗುವ ಕೆಲಸವೇ ಕಿಟಕಿಗಳನ್ನು ಮುಚ್ಚುವುದು. ಗಾಜು, ಹೊಳಪಿನ ಟೈಲ್ಸ್, ಗಾರೆ ಮಾಡಿದ ತಾರಸಿ ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು-ಮೂರು ಪಾಲನ್ನಷ್ಟೇ ಹೀರಿ, ಉಳಿದದ್ದನ್ನೆಲ್ಲ ಹಾಲಿಗೇ ಹಿಂದಿರುಗಿಸುತ್ತವೆ. 33 ಅಡಿ ಉದ್ದ, 23 ಅಡಿ ಅಗಲ, 13 ಅಡಿ ಎತ್ತರದ ಇಂಥ ಒಂದು ಬರಿಯ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಅದರ ಅನುರಣನ ಅಡಗಲು ಲೆಕ್ಕದ ಪ್ರಕಾರ ಕನಿಷ್ಠ ಐದು ಸೆಕೆಂಡ್ ಬೇಕು. ಜನ ಮತ್ತು ಕುರ್ಚಿಗಳು ತುಂಬಿದಾಗ ಅದು ಕಡಿಮೆಯಾಗುತ್ತದೆ ನಿಜ, ಆದರೆ ಆಗ ಬೇರೊಂದು ಕಾಟ ಶುರುವಾಗುತ್ತದೆ. ಸುತ್ತ ಸದ್ದಿದ್ದರೆ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ. ಪಕ್ಕದ ಮೇಜಿನವನೂ ಏರಿಸುತ್ತಾನೆ. ಇದನ್ನು ಗುರುತಿಸಿದ ಫ್ರೆಂಚ್ ವೈದ್ಯನ ಹೆಸರಿನಿಂದ ಇದನ್ನು ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಶ್ರವಣ ಸಾಧನ ಬಳಸುವವರಿಗೆ ಮಗನ ಮಾತೂ, ತಟ್ಟೆಯ ಸದ್ದೂ, ಹಿಂದಿನ ಮೇಜಿನ ನಗುವೂ ಒಟ್ಟಿಗೇ ಹಿಗ್ಗಿ ಕೇಳಿಸುತ್ತವೆ. ನಿಮ್ಮ ತಂದೆಯವರು ಅದನ್ನು ತೆಗೆದಿಟ್ಟದ್ದು ಸರಿಯಾದ ಕೆಲಸ.

ಪರಿಹಾರ ಕಷ್ಟವೇನಲ್ಲ. ಮೇಲಿನ ಅದೇ ಹಾಲಿನ ತಾರಸಿಗೆ ಸದ್ದು ಹೀರುವ ಫಲಕಗಳನ್ನು ಪೂರ್ತಿಯಾಗಿ ಹೊದಿಸಿದರೆ ಐದು ಸೆಕೆಂಡ್ ಎಂದದ್ದು ಒಂದು ಸೆಕೆಂಡಿಗಿಂತ ಕಡಿಮೆಯಾಗುತ್ತದೆ; ಅರ್ಧ ಹೊದಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಅಡುಗೆಯ ಜಿಡ್ಡು ಕೂರದಂಥ, ಒರೆಸಬಹುದಾದ ಫಲಕಗಳೂ ಸಿಗುತ್ತವೆ. ಹೋಟೆಲನ್ನು ಮತ್ತೆ ಮುಚ್ಚಬೇಕಾಗಿಲ್ಲ, ರಾತ್ರಿ ಕೆಲಸ ಮಾಡಿಸಬಹುದು. ಕುರ್ಚಿಯ ಕಾಲುಗಳಿಗೆ ರಬ್ಬರ್ ಬಿರಡೆ ಹಾಕಿಸಲು ಮಾಲೀಕರಿಗೆ ಹೇಳಿ. ಅಷ್ಟರಿಂದಲೇ ಕಿರಿಕಿರಿ ಎಷ್ಟೋ ತಗ್ಗುತ್ತದೆ. ಅಲ್ಲಿಯವರೆಗೆ ಗೋಡೆಗೆ ಬೆನ್ನು ಮಾಡಿ ಮೂಲೆಯ ಮೇಜಿನಲ್ಲಿ ಅವರನ್ನು ಕೂರಿಸಿ, ನೀವು ಎದುರಿಗೆ ಕುಳಿತುಕೊಳ್ಳಿ.

ಉತ್ತರ 3: ಚಾಮರಾಜಪೇಟೆಯ ಓದುಗಿ

ಹಳೆಯ ಹೋಟೆಲುಗಳ ವಿಷಯ ಬಂದಾಗಲೆಲ್ಲ ಎಲ್ಲರೂ ಕಣ್ಣು ತುಂಬಿಕೊಳ್ಳುವುದನ್ನು ನೋಡಿ ನನಗೆ ಸ್ವಲ್ಪ ಬೇಸರವಾಗಿದೆ. ನನಗೀಗ 66 ವರ್ಷ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಇಂಥ ಹೋಟೆಲಿನಲ್ಲಿ ಹೆಂಗಸರು ಕೂರಬೇಕಾಗಿದ್ದದ್ದು ‘ಫ್ಯಾಮಿಲಿ ರೂಮ್’ ಎಂಬ, ಫ್ಯಾನು ಅರ್ಧ ವೇಗದಲ್ಲಿ ತಿರುಗುವ, ಪರದೆಗೆ ಎಲ್ಲರೂ ಕೈ ಒರೆಸಿದ್ದ ಕತ್ತಲೆ ಗೂಡಿನಲ್ಲಿ. ಮಾಣಿಗೆ ನಮ್ಮ ನೆನಪಾಗುವುದು ಹಾಲಿನವರದೆಲ್ಲ ಮುಗಿದ ಮೇಲೆ. ಶೌಚಾಲಯವನ್ನು ಕೇಳುವುದಕ್ಕೇ ನಾಚಿಕೆಯಾಗುತ್ತಿತ್ತು. ಕೇಳಿದರೂ ಹಿತ್ತಲಿನ ಕಡೆ ಕೈ ತೋರಿಸುತ್ತಿದ್ದರು, ಹೋದವರು ಮೂಗು ಮುಚ್ಚಿಕೊಂಡು ಹಿಂದಿರುಗುತ್ತಿದ್ದರು. ಪ್ರಶ್ನೆ ಕೇಳಿದವರು ಹೊಸ ಕಟ್ಟಡದ ಶೌಚಾಲಯದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಅಮ್ಮನವರನ್ನು ಕೇಳಿ ನೋಡಿ, ಅವರ ಅಭಿಪ್ರಾಯ ಬೇರೆಯೇ ಇದ್ದೀತು.

ಹೋಟೆಲುಗಳು ಬದಲಾಗುತ್ತಲೇ ಬಂದಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಮಾವಳ್ಳಿ ಟಿಫನ್ ರೂಮ್ಸ್‌ನವರು ರವೆ ಇಡ್ಲಿ ಮಾಡಿದರು. ಇಂದು ಅದನ್ನು ನಾವು ಸಂಪ್ರದಾಯವೆಂದು ತಿನ್ನುತ್ತೇವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದು, ಕುರ್ಚಿಯನ್ನೇ ತೆಗೆದುಹಾಕಿ, ನಿಂತು ತಿನ್ನುವುದನ್ನು ಕಲಿಸಿತು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಹೋದಾಗ ಇನ್ನು ಎಲ್ಲ ಮುಗಿಯಿತೆಂದು ನಮ್ಮ ಮನೆಯವರೂ ಗೋಳಾಡಿದರು, ಮುಂದೆ ಹೊಸ ಜಾಗಕ್ಕೇ ಹೋಗಿ ಕುಳಿತರು.

ಆದರೆ ತಿಂಡಿ ಪಟ್ಟಿಯ ವಿಷಯದಲ್ಲಿ ನಾನು ಪ್ರಶ್ನೆ ಕೇಳಿದವರ ಪಕ್ಷ. ಮೊಬೈಲ್ ಇಲ್ಲದವರಿಗೆ, ಇದ್ದರೂ ಕಣ್ಣು ಮಂಜಾದವರಿಗೆ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಹಾಳೆ ಇಡಲು ಎಷ್ಟು ಖರ್ಚಾದೀತು?

ಉತ್ತರ 4: ಲೆಕ್ಕಿಗ

ಬಿಲ್ಲಿನ ವಿಷಯ ಮಾತ್ರ ಬರೆಯುತ್ತೇನೆ. ಗ್ರಾಹಕ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಚ್ಛೆ. ಇದನ್ನು ಹೋಟೆಲ್ ಒಕ್ಕೂಟಗಳು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದವು, 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಏ.ಸಿ. ಎಂಬ ಸಬೂಬೂ ನಿಲ್ಲುವುದಿಲ್ಲ. ಏ.ಸಿ. ಇದ್ದ ಹೋಟೆಲಿಗೆ ಶೇ. 18, ಇಲ್ಲದ್ದಕ್ಕೆ ಶೇ. 12 ಎಂಬ ಜಿಎಸ್‌ಟಿ ಭೇದ 2017ರ ನವೆಂಬರ್ 15ಕ್ಕೇ ಕೊನೆಗೊಂಡು, ಇಂಥ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ. 5 ಆಯಿತು. ಏ.ಸಿ. ಖರ್ಚನ್ನು ದೋಸೆಯ ದರಕ್ಕೆ ಸೇರಿಸಿ ಪಟ್ಟಿಯಲ್ಲಿ ಬರೆಯಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಉದಾಹರಣೆಗೆ ನಾಲ್ವರ ತಿಂಡಿ-ಕಾಫಿ 640 ರೂಪಾಯಿ ಆಯಿತೆನ್ನಿ. ಜಿಎಸ್‌ಟಿ 32 ಸೇರಿ 672 ಕೊಡಬೇಕು. ಶೇ. 10ರ ಶುಲ್ಕ ಸೇರಿಸಿ, ಆ ಶುಲ್ಕದ ಮೇಲೂ ತೆರಿಗೆ ಹಾಕಿದರೆ 739 ರೂಪಾಯಿ 20 ಪೈಸೆಯಾಗುತ್ತದೆ. ತೆಗೆಯಿರಿ ಎಂದು ಗಲ್ಲಾದಲ್ಲಿ ಸಮಾಧಾನವಾಗಿ ಹೇಳಿದರೆ ಬಹುಮಟ್ಟಿಗೆ ತೆಗೆಯುತ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾಣಿಗೆ ಕೊಡಬೇಕೆನಿಸಿದ್ದನ್ನು ಅವನ ಕೈಗೇ ಕೊಡಿ.

ಮರುಬರಹ: ಗವಿಪುರದ ನಿವಾಸಿ

ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ಓದುಗಿಯವರು ಹೇಳಿದಂತೆ ಅಮ್ಮನನ್ನು ಕೇಳಿದೆ. “ಕೈ ತೊಳೆಯುವ ಜಾಗ, ಒಳಗಿನ ಬಚ್ಚಲು ಎಲ್ಲ ಎಷ್ಟು ಚೊಕ್ಕಟವಾಗಿತ್ತು, ನನ್ನನ್ನು ಯಾರೂ ಕೇಳಲಿಲ್ಲ ಅಂತ ನಾನೂ ಹೇಳಲಿಲ್ಲ” ಎಂದರು. ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಜನ ಕಡಿಮೆ ಇರುವ ಹೊತ್ತು ನೋಡಿ, ಅಪ್ಪನನ್ನು ಕರೆದುಕೊಂಡು ಮತ್ತೆ ಹೋದೆ. ಮೂಲೆಯ ಮೇಜಿನಲ್ಲಿ ಗೋಡೆಗೆ ಬೆನ್ನು ಮಾಡಿ ಕೂರಿಸಿದೆ. ಶ್ರವಣ ಸಾಧನ ಕಿವಿಯಲ್ಲೇ ಉಳಿಯಿತು. ದೋಸೆ ಭಟ್ಟರು ಹೊರಗೆ ಬಂದು, ಅಪ್ಪನ ಗುರುತು ಹಿಡಿದು, ಪಕ್ಕದಲ್ಲೇ ನಿಂತು ಕಾಲು ಗಂಟೆ ಮಾತಾಡಿದರು. ಕಾವಲಿ ಹಿಂಬದಿಗೆ ಹೋಗಿರುವುದು ನಿಜ. ಹೊಸ ಕಾವಲಿ ಇನ್ನೂ ಮಾತು ಕೇಳುತ್ತಿಲ್ಲವೆಂದು ಅವರೇ ಹೇಳಿದರು. ಹಳೆಯದು ಗುಜರಿಗೆ ಹೋಗಿಲ್ಲ. ಹೊಸ ಒಲೆಯ ಚೌಕಟ್ಟಿಗೆ ನಾಲ್ಕು ಅಂಗುಲ ಉದ್ದವಾಯಿತೆಂದು ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಹಿಂದೆ, ಗೋಡೆಗೆ ಒರಗಿಸಿ ಇಟ್ಟಿದ್ದಾರಂತೆ. ಚೌಕಟ್ಟನ್ನೇ ಬದಲಾಯಿಸಿಕೊಡಿ ಎಂದು ಅವರು ಮಾಲೀಕರಿಗೆ ಈಗಾಗಲೇ ಎರಡು ಸಲ ಹೇಳಿದ್ದಾರೆ. ಗಿರಾಕಿಗಳೂ ಒಂದು ಮಾತು ಹೇಳಿದರೆ ಒಳ್ಳೆಯದೆಂದು ದನಿ ತಗ್ಗಿಸಿ ಸೂಚಿಸಿದರು. ನಾನು ಗಲ್ಲಾದಲ್ಲಿ ಹೇಳಿದೆ. ಮಾಲೀಕರ ಮಗ ಬರೆದುಕೊಂಡರು. ಸೇವಾ ಶುಲ್ಕವನ್ನು ತೆಗೆಯಿರಿ ಎಂದಾಗ ಮರುಮಾತಿಲ್ಲದೆ ತೆಗೆದು ಬೇರೆ ಬಿಲ್ ಕೊಟ್ಟರು. ಸದ್ದು ಹೀರುವ ಫಲಕಗಳ ಬಗ್ಗೆ ಕೇಳಿ ಮಾತ್ರ, “ಈಗಷ್ಟೇ ಇಷ್ಟು ಖರ್ಚಾಗಿದೆ ಸಾರ್” ಎಂದು ನಕ್ಕರು. ರಬ್ಬರ್ ಬಿರಡೆಗೆ ಒಪ್ಪಿದ್ದಾರೆ.

ಅವತ್ತಿನ ದೋಸೆಯನ್ನು ಭಟ್ಟರು ತಾವೇ ಹುಯ್ದು ತಾವೇ ತಂದಿಟ್ಟರು. ಅಪ್ಪ ಪೂರ್ತಿ ತಿಂದರು. ಚೆನ್ನಾಗಿತ್ತೆ ಎಂದು ಕೇಳಿದ್ದಕ್ಕೆ “ಪರವಾಗಿಲ್ಲ” ಎಂದರು. ಕಾಫಿ ಈ ಸಲವೂ ಗಾಜಿನ ಲೋಟದಲ್ಲೇ ಬಂತು. ಅದರ ವಿಷಯವನ್ನು ಮೊದಲ ಭಾನುವಾರ ಬಂದಾಗ ತಾವೇ ಮಾತಾಡುವುದಾಗಿ ಹೇಳಿದ್ದಾರೆ.